ಮರದ ಕ್ಯಾಮೆರಾಕ್ಕೆ ಬಲ್ಬ್ ಹಾಕಬೇಡಿ

ಮಾನ್ಯರೇ,

ಹೋದ ತಿಂಗಳು ನೆಂಟರ ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಇಳಿದುಕೊಂಡಿದ್ದ ಹೋಟೆಲಿನ ಬಾಗಿಲಲ್ಲೇ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒಂದು ಹಳೆಯ ಮರದ ಕ್ಯಾಮೆರಾ ನಿಲ್ಲಿಸಿದ್ದರು. ಖುಷಿಯಿಂದ ಹತ್ತಿರ ಹೋದರೆ, ಲೆನ್ಸ್ ಇರಬೇಕಾದ ಜಾಗದಲ್ಲಿ ಬಲ್ಬು! ಹಾರ್ಮೋನಿಯಂ ತಿದಿಯಂಥ ಮಡಿಕೆಗಳನ್ನು ಬ್ಲೇಡಿನಿಂದ ಕೊಯ್ದು ವೈರ್ ಎಳೆದಿದ್ದಾರೆ. ಹಿತ್ತಾಳೆ ಪಟ್ಟಿಯ ಮೇಲೆ 'ವಾಗೀಶ್ವರಿ' ಎಂಬ ಹೆಸರು ಇನ್ನೂ ಓದಲು ಬರುತ್ತಿತ್ತು. ಅವತ್ತು ಮದುವೆ ಊಟವೂ ರುಚಿಸಲಿಲ್ಲ.

ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬುವರು 1940ರ ದಶಕದಲ್ಲಿ ಮಾಡಲು ಶುರುಮಾಡಿದ ಕ್ಯಾಮೆರಾ ಅದು. ತೇಗದ ಮರ, ಹಿತ್ತಾಳೆ ಕೀಲು. ನಮ್ಮ ಅಪ್ಪ ಅಮ್ಮಂದಿರು ಸ್ಟುಡಿಯೊಗಳಲ್ಲಿ ಉಸಿರು ಬಿಗಿಹಿಡಿದು ಕೂತಿದ್ದು ಇಂಥ ಪೆಟ್ಟಿಗೆಗಳ ಮುಂದೆಯೇ ಅಲ್ವಾ?

ನಾನು 34 ವರ್ಷ ಬೆಳಗಾವಿಯ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಮಾಡಿದವನು. ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಮಾದರಿ ಬೇಕು, ಅದು ನನ್ನ ಕೆಲಸ. ಎರಕದ ಕಬ್ಬಿಣ ತಣ್ಣಗಾದಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದನ್ನು ಲೆಕ್ಕ ಹಿಡಿದು ಮರವನ್ನು ಅಷ್ಟು ದೊಡ್ಡದಾಗಿಯೇ ಕೊರೆಯಬೇಕು. ಹಾಗಾಗಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ನನಗೆ ನಿದ್ದೆ ಬರುವುದಿಲ್ಲ. ನಿವೃತ್ತನಾದ ಮೇಲೆ ಪರಿಚಯದ ಸ್ಟುಡಿಯೊ ಒಂದು ಬಾಗಿಲು ಮುಚ್ಚಿತು. ಅವರ ಅಟ್ಟದ ಮೇಲೆ ಮುರಿದು ಬಿದ್ದಿದ್ದ ಮರದ ಕ್ಯಾಮೆರಾವನ್ನು ಮನೆಗೆ ತಂದೆ. ಅದನ್ನು ಬಿಚ್ಚಿ, ಅಳೆದು, ಹಿತ್ತಲಿನ ಶೆಡ್ಡಿನಲ್ಲಿ ಹೊಸದೊಂದನ್ನು ಮಾಡಲು ಕೂತೆ. ಈಗ ಮೂರನೆಯದು ಮುಗಿಯುತ್ತಾ ಬಂದಿದೆ.

ಮರ ಹಳೆಯ ಮನೆಯ ಬಾಗಿಲಿನದು. ಮೊದಲ ಸಲ ಹೊಸ ತೇಗ ತಂದು ಕೆಟ್ಟೆ. ಬೆಳಗಾವಿಯ ಮಳೆಗೆ ಅದು ಉಬ್ಬಿ, ಹಿಂಬದಿಯ ಚೌಕಟ್ಟು ಆಷಾಢದಲ್ಲಿ ಕಚ್ಚಿಕೊಂಡಿದ್ದು ಶ್ರಾವಣ ಮುಗಿದರೂ ಬಿಡಲಿಲ್ಲ. ತಿದಿಗೆ ಹೊರಗೆ ಕಪ್ಪು ಕೊಡೆ ಬಟ್ಟೆ, ಒಳಗೆ ತೆಳು ಕಪ್ಪು ಹತ್ತಿ ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು. ಮಡಿಕೆ ಹಾಕುವುದನ್ನು ಹೇಳಿಕೊಟ್ಟವರು ನಮ್ಮ ಓಣಿಯ ಹಾರ್ಮೋನಿಯಂ ರಿಪೇರಿಯವರು. ಪುಣ್ಯಾತ್ಮರು ಒಂದು ಪೈಸೆ ಮುಟ್ಟಲಿಲ್ಲ.

ಫೋಕಸ್ ನೋಡುವ ಗಾಜನ್ನೂ ಮನೆಯಲ್ಲೇ ಮಾಡಿದೆ. ಎರಡು ಗಾಜಿನ ನಡುವೆ ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುಪುಡಿ, ಸ್ವಲ್ಪ ನೀರು, ಮತ್ತೆ ಕೈ ಸೋಲುವವರೆಗೆ ಉಜ್ಜುವುದು. ಫೋಕಸ್ ನೋಡಿದ ಮೇಲೆ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್, ಅಂದರೆ ಫಿಲ್ಮು ಹಿಡಿಯುವ ಚಪ್ಪಟೆ ಪೆಟ್ಟಿಗೆ, ಬರುತ್ತದೆ. 4×5 ಇಂಚಿನ ಹೋಲ್ಡರ್‌ನಲ್ಲಿ ಫಿಲ್ಮು ಮೇಲ್ಮೈಯಿಂದ ಸುಮಾರು 5 ಮಿ.ಮೀ. ಒಳಗೆ ಕೂರುತ್ತದೆ. ಗಾಜಿನ ಉಜ್ಜಿದ ಮೈ ಕೂಡ ಅಷ್ಟೇ ಒಳಗಿರಬೇಕು. ಅಳತೆ ಕರಾರುವಾಕ್ಕಾಗಿತ್ತು, ಗಾಜಿನಲ್ಲಿ ತಲೆಕೆಳಗಾದ ಚಿತ್ರ ಕೂದಲೆಳೆ ಕಾಣುವಷ್ಟು ಸ್ಪಷ್ಟವಾಗಿತ್ತು, ಆದರೂ ಮೊದಲ ನಾಲ್ಕು ಫೋಟೊಗಳು ಮಸುಕು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಗಾಜನ್ನು ತಿರುಗಮುರುಗ ಹಾಕಿದ್ದೆ! ಉಜ್ಜಿದ ಮೈ ಲೆನ್ಸಿನ ಕಡೆ ಇರಬೇಕು, ನಾನು ನನ್ನ ಕಡೆ ಇಟ್ಟಿದ್ದೆ. ಗಾಜಿನ ದಪ್ಪವೇ ಕೈಕೊಟ್ಟಿತ್ತು. ಫೌಂಡ್ರಿಯಲ್ಲಿ ಇಂಥ ತಪ್ಪು ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ನಿಜವಾದ ಶೀಟ್ ಫಿಲ್ಮ್ ನನ್ನ ಪಿಂಚಣಿಗೆ ದುಬಾರಿ. ಅದಕ್ಕೇ ಎಕ್ಸ್‌ರೇ ಫಿಲ್ಮ್ ಬಳಸುತ್ತೇನೆ. 8×10 ಇಂಚಿನ ಒಂದು ಹಾಳೆ ಕೊಯ್ದರೆ ನಾಲ್ಕು ತುಂಡು, ಹೋಲ್ಡರ್‌ಗೆ ಇಳಿಯಲು ಅಂಚನ್ನು ಕೂದಲಿನಷ್ಟು ಸವರಬೇಕು ಅಷ್ಟೆ. ಕೆಂಪು ದೀಪದಲ್ಲಿ ಬಚ್ಚಲುಮನೆಯಲ್ಲೇ ತೊಳೆಯಬಹುದು. ಎರಡೂ ಮೈಗೆ ಲೇಪ ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಈ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದೇ ಇಲ್ಲ. ನಮ್ಮ ಮನೆಯವರ ಫೋಟೊ ತೆಗೆದಾಗ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಬಂತು. "ಏನ್ರೀ ಇದು, ನಮ್ಮ ಅಜ್ಜಿ ಫೋಟೊ ಇದ್ದಂಗ ಐತಿ" ಅಂದರು. ಬೈದರೋ ಹೊಗಳಿದರೋ ಇನ್ನೂ ಗೊತ್ತಾಗಿಲ್ಲ. ಫೋಟೊವನ್ನಂತೂ ದೇವರ ಮನೆಯ ಪಕ್ಕದ ಗೋಡೆಗೆ ತೂಗುಹಾಕಿದ್ದಾರೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಿಮ್ಮ ಓದುಗರಲ್ಲಿ ಹಳೆಯ ಸ್ಟುಡಿಯೊದವರ ಮಕ್ಕಳು ಇದ್ದಾರು. ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೂ ಅಲಂಕಾರದ ಅಂಗಡಿಗೂ ಕೊಡುವ ಮುಂಚೆ ಒಂದು ರಾತ್ರಿ ತಡೆಯಿರಿ. ಕೋಣೆ ಕತ್ತಲು ಮಾಡಿ, ಹಿಂದಿನ ಗಾಜು ತೆಗೆದು, ಒಳಗೆ ಟಾರ್ಚ್ ಹಚ್ಚಿ ಇಡಿ. ತಿದಿಯ ಮೂಲೆಗಳಲ್ಲಿ ನಕ್ಷತ್ರದ ಹಾಗೆ ಚುಕ್ಕೆ ಕಂಡರೆ ಅವೇ ತೂತುಗಳು. ಕಪ್ಪು ಬಟ್ಟೆಯ ಚೂರು, ಫೆವಿಕಾಲ್ ಸಾಕು. ಬಿರುಕು ಬಿಟ್ಟ ಮರ, ಸಡಿಲ ಕೀಲು ಯಾವ ಒಳ್ಳೆಯ ಬಡಗಿಗೂ ದೊಡ್ಡ ಕೆಲಸವಲ್ಲ. ಹಿತ್ತಾಳೆಯ ಹೆಸರಿನ ಪಟ್ಟಿಗೆ ಮಾತ್ರ ಉಪ್ಪುಕಾಗದ ಹಾಕಬೇಡಿ.

ಹೋಟೆಲಿನವರಿಗೂ ಒಂದು ಮಾತು. ಅವತ್ತು ಮ್ಯಾನೇಜರ್ ಹತ್ತಿರ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಿಮಗೆ ಬೇಕಾಗಿರುವುದು ದೀಪವೇ ಆದರೆ, ಅದೇ ಆಕಾರದ ಖಾಲಿ ಪೆಟ್ಟಿಗೆಯನ್ನು ಪ್ಲೈವುಡ್‌ನಲ್ಲಿ ನಾನೇ ಮಾಡಿಕೊಡುತ್ತೇನೆ, ಮಜೂರಿ ಬೇಡ. ಬದಲಿಗೆ ಆ ವಾಗೀಶ್ವರಿಯನ್ನು ಎರಡು ತಿಂಗಳು ನನ್ನ ಶೆಡ್ಡಿಗೆ ಕೊಡಿ. ಹೊಸ ತಿದಿ ಹಾಕಿ ವಾಪಸ್ ತಂದು, ನಿಮ್ಮ ಸಿಬ್ಬಂದಿಯನ್ನೆಲ್ಲ ಅದರ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆಯುತ್ತೇನೆ.

— ಒಬ್ಬ ನಿವೃತ್ತ ಪ್ಯಾಟರ್ನ್ ಮೇಕರ್, ಬೆಳಗಾವಿ