ಒಂದು ದಿನದ ಮಂಗಳೂರಿಗೆ ಒಂದು ಬೋರ್ಡ್ ಬೇಕು

ಸಂಪಾದಕರೇ,

ಒಂದೇ ದಿನಕ್ಕೆಂದು ಬಂದವರು ಸುಮ್ನೆ ಮಾಲ್ ಸುತ್ತಿ ವಾಪಸ್ ಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ. ಕಳೆದ ವಾರ ಹುಬ್ಬಳ್ಳಿಯಿಂದ ಬಂದ ಅಕ್ಕನ ಮಕ್ಕಳನ್ನು ಸಿಟಿ ಬಸ್ಸಲ್ಲೇ ಸುತ್ತಿಸಿದೆ. ಮೊದಲು ಕದ್ರಿ ದೇವಸ್ಥಾನ, ಆಮೇಲೆ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ ಗೋಡೆ, ಛಾವಣಿ ತುಂಬ ಬಿಡಿಸಿದ ಚಿತ್ರಗಳ ಕೆಳಗೆ ಕತ್ತೆತ್ತಿ ನಿಂತ ಮಕ್ಕಳು ಅಲ್ಲಿಂದ ಕದಲಲೇ ಇಲ್ಲ. ಊಟಕ್ಕೆ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ-ಖಾರದ ಮೀನು ಸಾರು. ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಕಡಲತೀರಕ್ಕೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿದೆವು.

ಊರಿನವಳಾದ ನನಗೆ ದಾರಿ ಗೊತ್ತಿತ್ತು. ಹೊರಗಿನವರು ಯಾರನ್ನು ಕೇಳಬೇಕು, ಅಲ್ವಾ? ಯಾವ ನಂಬರ್ ಬಸ್ ಎಲ್ಲಿಗೆ, ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ರೈಲು ನಿಲ್ದಾಣದಲ್ಲೂ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲೂ ದೊಡ್ಡದಾಗಿ ಕನ್ನಡದಲ್ಲಿ ಬೋರ್ಡ್ ಹಾಕಿಸಿ.

– ಓದುಗರೊಬ್ಬರು, ಮಂಗಳೂರು