ಬಗ್ಗಿದ್ದು ಗೇರ್ ಲಿವರ್, ನೀವು ಬದಲಿಸಿದ್ದು ಕ್ಲಚ್

ಸರ್ವೀಸ್ ಮ್ಯಾನೇಜರ್ ಅವರಿಗೆ,

ವಿಷಯ: ಗಾಡಿ ಮಗುಚಿ ಬಿದ್ದ ಮೇಲೆ ಶುರುವಾದ ಗೇರ್ ತೊಂದರೆ ಸರಿಯಾಗದೇ ಇರುವ ಬಗ್ಗೆ

ನಮಸ್ಕಾರ ಸರ್,

ನನ್ನ ಬೈಕನ್ನು ನಿಮ್ಮಲ್ಲಿಗೆ ತಂದಾಗ ಗೇರ್ ಸರಿಯಾಗಿ ಬೀಳುತ್ತಿರಲಿಲ್ಲ. ವಾಪಸ್ ತಗೊಂಡು ಹೋಗುವಾಗಲೂ ಬೀಳುತ್ತಿರಲಿಲ್ಲ. ಈ ಮಧ್ಯೆ ಹೊಸ ಕ್ಲಚ್ ಪ್ಲೇಟ್, ಹೊಸ ಕ್ಲಚ್ ಕೇಬಲ್, ಹೊಸ ಇಂಜಿನ್ ಆಯಿಲ್ ಎಲ್ಲ ಬಿಲ್ಲಿಗೆ ಸೇರಿವೆ, ನಾನು ದುಡ್ಡೂ ಕೊಟ್ಟಿದ್ದೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಆದದ್ದು ಇಷ್ಟೇ. ನಿಲ್ಲಿಸಿದ್ದ ನನ್ನ ಗಾಡಿಗೆ ಹಿಂದಿನಿಂದ ಬೇರೆ ಗಾಡಿ ತಾಗಿತು. ಬೈಕ್ ಮುಂದಕ್ಕೆ ಜರುಗಿ, ಸೈಡ್ ಸ್ಟ್ಯಾಂಡ್ ಮಡಚಿಕೊಂಡು, ಎಡಗಡೆಗೆ ಬಿತ್ತು. ಇಂಜಿನ್ ಆಫ್ ಇತ್ತು, ಮೇಲೆ ಯಾರೂ ಕೂತಿರಲಿಲ್ಲ. ಹ್ಯಾಂಡಲ್ ತುದಿಯಲ್ಲಿ ಗೀರು, ಎಡಗಡೆ ಫುಟ್‌ರೆಸ್ಟ್ ರಬ್ಬರ್ ಸ್ವಲ್ಪ ಹರಿದಿತ್ತು. ಎತ್ತಿ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಇಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಆದರೆ ಓಡಿಸಲು ಹೊರಟರೆ ಮೊದಲ ಗೇರ್ ಬಿತ್ತು, ಎರಡನೆಯದೂ ಬಿತ್ತು, ಮೂರನೆಯದಕ್ಕೆ ಕಾಲೆತ್ತಿದರೆ ಲಿವರ್ ಸುಮ್ನೆ ಮೇಲೆ ಹೋಗುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಗಮನ ಇಟ್ಟು ನೋಡಿದಾಗ ಗೊತ್ತಾಯಿತು, ಒಂದು ಸಲ ಎತ್ತಿದ ಲಿವರ್ ತಾನಾಗಿ ಮಧ್ಯಕ್ಕೆ ವಾಪಸ್ ಬರುತ್ತಿಲ್ಲ. ಕಾಲಿನಿಂದ ಒತ್ತಿ ಅದರ ಜಾಗಕ್ಕೆ ತಂದರೆ ಮಾತ್ರ ಮುಂದಿನ ಗೇರ್ ಬೀಳುತ್ತದೆ.

ಇದನ್ನೇ ನಿಮ್ಮ ಕೌಂಟರಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಗಾಡಿ ಎಡಗಡೆಗೆ ಬಿದ್ದಿತ್ತು, ಆಮೇಲಿಂದ ಹೀಗಾಗಿದೆ, ಲಿವರ್ ವಾಪಸ್ ಬರ್ತಿಲ್ಲ ಅಂತ. ಜಾಬ್ ಕಾರ್ಡಿನಲ್ಲಿ ಬರೆದದ್ದು ಎರಡೇ ಪದ: 'ಗೇರ್ ಹಾರ್ಡ್'. ಬಿದ್ದ ವಿಷಯ ಇಲ್ಲ, ಎಡಗಡೆ ಅಂತ ಇಲ್ಲ, ಲಿವರ್ ವಿಷಯವೂ ಇಲ್ಲ. ಒಳಗೆ ಕೆಲಸ ಮಾಡುವ ಮೆಕ್ಯಾನಿಕ್ ಆ ಕಾರ್ಡನ್ನು ನೋಡಿ ಕ್ಲಚ್ ಕಡೆ ಹೋದರೆ ಅವರದ್ದೇನೂ ತಪ್ಪಿಲ್ಲ. ಅವರ ಕೈಗೆ ಅರ್ಧ ಮಾತು ಕೊಟ್ಟವರು ಕೌಂಟರಿನವರು. ನನ್ನ ಮುಖ್ಯ ದೂರು ಇದೇ.

ಕ್ಲಚ್ ತೊಂದರೆಯೋ ಲಿವರ್ ತೊಂದರೆಯೋ ಅಂತ ತಿಳಿಯಲು ಏನನ್ನೂ ಬಿಚ್ಚಬೇಕಾಗಿಲ್ಲ ಸರ್. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂದರೆ ಇಂಜಿನ್ ಓಡುತ್ತಿರುವಾಗ ನಿಂತಲ್ಲಿ ನ್ಯೂಟ್ರಲ್ ಸಿಗುವುದು ಕಷ್ಟ, ಕ್ಲಚ್ ಹಿಡಿದು ಗೇರಿಗೆ ಹಾಕಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ನನ್ನ ಗಾಡಿ ಹಾಗೆ ಎಳೆಯುತ್ತಲೇ ಇರಲಿಲ್ಲ. ಇನ್ನೂ ಸುಲಭದ ಪರೀಕ್ಷೆ ಇದೆ. ಇಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ ನೋಡುವುದು. ಚಕ್ರ ತಿರುಗಿಸದಿದ್ದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಕೂರದೆ ಒಳ್ಳೆಯ ಗಾಡಿಯಲ್ಲೂ ಗೇರ್ ಬೀಳದೇ ಇರಬಹುದು, ಅದಕ್ಕೆ ತಿರುಗಿಸಲೇಬೇಕು. ಮನೆಯಲ್ಲಿ ಹಾಗೆ ಮಾಡಿ ನೋಡಿದೆ. ಇಂಜಿನ್ ಓಡದೇ ಇದ್ದಾಗಲೂ ಲಿವರ್ ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂದ ಮೇಲೆ ಕ್ಲಚ್‌ಗೂ ಇದಕ್ಕೂ ಏನು ಸಂಬಂಧ?

ಕೂತು ಟಾರ್ಚ್ ಹಾಕಿ ನೋಡಿದಾಗ ಎಲ್ಲ ಕಣ್ಣೆದುರಿಗೇ ಇತ್ತು. ಬಿದ್ದ ಏಟಿಗೆ ಲಿವರ್ ಒಳಗಡೆಗೆ ಬಗ್ಗಿದೆ. ಕಾಲ್ಬೆರಳು ತಾಗುವ ರಬ್ಬರಿನ ಹಿಂದೆ ಇಂಜಿನ್ ಕವರಿನ ಮೇಲೆ ಬಾಗಿದ ಗೆರೆಯಂತೆ ಪೇಂಟ್ ಹೋಗಿ ಅಲ್ಯೂಮಿನಿಯಂ ಹೊಳೆಯುತ್ತಿದೆ. ಲಿವರ್ ಮೇಲೆ ಕೆಳಗೆ ಆಡುವ ದಾರಿಯಲ್ಲೇ ಆ ಗೆರೆ. ಅಂದರೆ ಪ್ರತಿ ಸಲವೂ ಅದು ಕವರಿಗೆ ಉಜ್ಜಿಕೊಂಡೇ ಹೋಗುತ್ತಿದೆ. ಲಿವರನ್ನು ಮಧ್ಯಕ್ಕೆ ತರುವ ಕೆಲಸ ಒಳಗಿನ ಒಂದು ಸ್ಪ್ರಿಂಗಿನದು. ಉಜ್ಜುವಿಕೆ ಜಾಸ್ತಿ ಆದರೆ ಅದು ಸೋಲುತ್ತದೆ. ಲಿವರ್ ಮಧ್ಯಕ್ಕೆ ಬರದಿದ್ದರೆ ಡ್ರಮ್ಮನ್ನು (ಒಳಗೆ ತಿರುಗಿ ಗೇರ್ ಬದಲಿಸುವ ಉರುಳೆ) ತಿರುಗಿಸುವ ಕೊಂಡಿ ಅದರ ಮುಂದಿನ ಪಿನ್ನನ್ನು ಹಿಡಿಯುವುದಿಲ್ಲ, ಗೇರ್ ಬೀಳುವುದಿಲ್ಲ. ಇದನ್ನು ತಿಳಿಯಲು ದೊಡ್ಡ ಯಂತ್ರ ಏನೂ ಬೇಕಿರಲಿಲ್ಲ, ಎಡಗಡೆ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು, ಅಲ್ವಾ?

ಗೆರೆ ತೋರಿಸಲು ಮತ್ತೆ ತಂದಾಗ ಆದದ್ದು ಇನ್ನೂ ಬೇಸರದ ವಿಷಯ. ನನ್ನ ಕಣ್ಣೆದುರೇ ಒಬ್ಬರು ಲಿವರಿಗೆ ಕಬ್ಬಿಣದ ಪೈಪ್ ತೂರಿಸಿ ಹೊರಗಡೆಗೆ ಎಳೆದರು. ಲಿವರನ್ನು ಶಾಫ್ಟಿನಿಂದ, ಅಂದರೆ ಅದು ಕೂತಿರುವ, ಇಂಜಿನ್ ಒಳಗೆ ಹೋಗುವ ಸರಳಿನಿಂದ ಬಿಚ್ಚಿರಲೇ ಇಲ್ಲ. ನಾನು ಬೇಡ ಅನ್ನುವಷ್ಟರಲ್ಲಿ ಮುಗಿದುಹೋಗಿತ್ತು. ಲಿವರ್ ಬಿಚ್ಚುವುದು ಒಂದೇ ಬೋಲ್ಟಿನ ಕೆಲಸ. ಬಿಚ್ಚುವ ಮೊದಲು ಶಾಫ್ಟಿನ ಹಲ್ಲಿನ ಮೇಲೆ ಗುರುತು ಮಾಡಿಕೊಂಡು, ಹೊರಗೆ ತೆಗೆದು, ವೈಸಿನಲ್ಲಿ ಹಿಡಿದು ನೇರ ಮಾಡಿ, ಅದೇ ಗುರುತಿಗೆ ಕೂರಿಸಿದರೆ ಮುಗಿಯಿತು. ಅಲ್ಯೂಮಿನಿಯಂ ಲಿವರ್ ಆಗಿದ್ದರೆ ನೇರ ಮಾಡುವಾಗ ಬಿರುಕು ಬಿಡಬಹುದು, ಹೊಸದು ಹಾಕುವುದೇ ಒಳ್ಳೆಯದು. ಶಾಫ್ಟಿನ ಮೇಲೇ ಇಟ್ಟು ಎಳೆದರೆ ಆ ಬಲ ಎಲ್ಲ ಶಾಫ್ಟಿನ ಮೇಲೆ, ಆಯಿಲ್ ಸೋರದಂತೆ ತಡೆಯುವ ಅದರ ಸೀಲಿನ ಮೇಲೆ, ಕೇಸಿಂಗಿನ ಮೇಲೆ ಬೀಳುತ್ತದೆ.

ಈಗ ಲಿವರ್ ಕವರಿಗೆ ತಾಗುವುದಿಲ್ಲ, ನಿಜ. ಆದರೆ ಲಿವರ್ ಆಡಿಸಿದಾಗ ಶಾಫ್ಟಿನ ತುದಿ ನೇರವಾಗಿ ತಿರುಗದೆ ಓಲಾಡುತ್ತದೆ. ಮುಂಚೆ ಒಣಗಿದ್ದ ಜಾಗದಲ್ಲಿ, ಶಾಫ್ಟ್ ಹೊರಗೆ ಬರುವ ಸೀಲಿನ ಹತ್ತಿರ, ಆಯಿಲ್ ಒಸರುತ್ತಿದೆ. ಬೆಳಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಧೂಳು ಮೆತ್ತಿಕೊಂಡ ಜಿಡ್ಡು. ನ್ಯೂಟ್ರಲ್ ಲೈಟ್ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತಲ್ಲ. ಓವರ್‌ಟೇಕ್ ಮಾಡುವಾಗ ಮೂರರಿಂದ ನಾಲ್ಕಕ್ಕೆ ಹಾಕಿದ್ದು ಅರ್ಧಕ್ಕೆ ನಿಂತು ಇಂಜಿನ್ ಕಿರುಚಿತು, ಗಾಡಿಗೆ ಎಳೆತವೇ ಇಲ್ಲ. ಪಕ್ಕದಲ್ಲಿ ಲಾರಿ ಇತ್ತು. ಆಮೇಲೆ ಓಡಿಸಲು ಧೈರ್ಯ ಬಂದಿಲ್ಲ ಸರ್.

ಇದನ್ನು ಹೇಳಿದಾಗ ನಿಮ್ಮವರ ಉತ್ತರ: ಗೇರ್‌ಬಾಕ್ಸ್ ಇಳಿಸಬೇಕು, ಫೋರ್ಕ್ (ಒಳಗೆ ಗೇರುಗಳನ್ನು ಸರಿಸುವ ಕವೆ), ಡ್ರಮ್ ಎಲ್ಲ ಬದಲಿಸಬೇಕಾಗಬಹುದು, ಎಸ್ಟಿಮೇಟ್ ಕೊಡ್ತೀವಿ. ನನ್ನ ಪ್ರಶ್ನೆ ಸರಳ. ನನ್ನ ಗಾಡಿಯಲ್ಲಿ ಗೇರ್ ಶಾಫ್ಟ್ ಇಂಜಿನ್ನಿನ ಎಡದಿಂದ ಬಲಕ್ಕೆ ಹಾಯುತ್ತದೆ. ಅದರ ಬಲ ತುದಿ, ವಾಪಸ್ ತರುವ ಆ ಸ್ಪ್ರಿಂಗ್, ಡ್ರಮ್ ತಿರುಗಿಸುವ ಕೊಂಡಿ, ಎಲ್ಲವೂ ಇರುವುದು ಕ್ಲಚ್ಚಿನ ಹಿಂದೆ. ಕ್ಲಚ್ ತೆಗೆದರೆ ಶಾಫ್ಟ್ ಅದೇ ಕಡೆಯಿಂದ ಈಚೆ ಬರುತ್ತದೆ, ಇಂಜಿನ್ ಕೇಸ್ ಎರಡು ಹೋಳು ಮಾಡಬೇಕಾಗಿಲ್ಲ. ನೀವು ಪ್ಲೇಟ್ ಬದಲಿಸಲು ಬಲಗಡೆಯ ಕ್ಲಚ್ ಕವರ್ ತೆರೆದಾಗಲೇ, ಕ್ಲಚ್ಚನ್ನೂ ತೆಗೆದು ಶಾಫ್ಟನ್ನು ನೋಡಬಹುದಿತ್ತು. ಆಗ ನೋಡದೆ ಮುಚ್ಚಿ, ಈಗ ಇಡೀ ಗೇರ್‌ಬಾಕ್ಸ್ ಅಂದರೆ ನಾನು ಒಪ್ಪುವುದು ಹೇಗೆ? ಶಾಫ್ಟ್ ತೆಗೆದು ನೋಡಿದ ಮೇಲೂ ಫೋರ್ಕ್ ಬಗ್ಗಿದೆ ಅಂತ ಗೊತ್ತಾದರೆ, ತೋರಿಸಿ, ಖಂಡಿತ ಮಾಡಿಸುತ್ತೇನೆ. ನಿಂತಿದ್ದ ಗಾಡಿ ಮಗುಚಿದರೆ ಏಟು ಮೊದಲು ಬೀಳುವುದು ಲಿವರಿಗೆ, ನಂತರ ಶಾಫ್ಟಿಗೆ. ಹೊರಗಿನಿಂದ ಒಳಗೆ ಹೋಗಿ ಅಂತಷ್ಟೇ ನಾನು ಕೇಳುತ್ತಿರುವುದು.

ತಡ ಮಾಡುವಂತೆಯೂ ಇಲ್ಲ. ಗೇರ್ ಅರ್ಧಂಬರ್ಧ ಬಿದ್ದು ಜಾರುತ್ತಿದ್ದರೆ ಗೇರುಗಳನ್ನು ಒಂದಕ್ಕೊಂದು ಹಿಡಿಸುವ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ನಿಜಕ್ಕೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಆಯಿಲ್ ಒಸರುವುದು ಚೈನ್ ಇರುವ ಕಡೆ, ಹೆಚ್ಚಾದರೆ ಹಿಂದಿನ ಟೈರಿಗೆ ಹೋಗಬಹುದು. ಅದನ್ನು ಸಣ್ಣ ವಿಷಯ ಅಂತ ಯಾರೂ ಹೇಳಬಾರದು.

ನನಗೆ ಬೇಕಾಗಿರುವುದು ಇಷ್ಟು. ಲಿವರ್, ಗೇರ್ ಶಾಫ್ಟ್, ಅದರ ಸೀಲ್ ಮೂರನ್ನೂ ನಿಮ್ಮ ಖರ್ಚಿನಲ್ಲಿ ಬದಲಿಸಿ ಕೊಡಿ, ಪೈಪ್ ಹಾಕಿ ಎಳೆದದ್ದು ನಿಮ್ಮ ವರ್ಕ್‌ಶಾಪಿನಲ್ಲೇ. ಸ್ಪ್ರಿಂಗ್ ಕೂಡ ಪರೀಕ್ಷೆ ಮಾಡಿ. ಬೇಕಿಲ್ಲದ ಕ್ಲಚ್ ಪ್ಲೇಟ್, ಕೇಬಲ್‌ಗೆ ಹಾಕಿದ ಹಣ ಮತ್ತು ಅದರ ಕೂಲಿ ವಾಪಸ್ ಕೊಡಿ. ಹಳೆಯ ಪ್ಲೇಟುಗಳನ್ನು ನನಗೆ ಕೊಟ್ಟೇ ಇಲ್ಲ, ಸವೆದಿದ್ದವು ಅಂತ ಬಾಯಲ್ಲಿ ಹೇಳಿದ್ದೀರಿ. ಅವು ಇನ್ನೂ ಇದ್ದರೆ ಅಳೆದು ತೋರಿಸಿ. ಮ್ಯಾನ್ಯುಯಲ್‌ನಲ್ಲಿ ಇರುವ ಅಳತೆಗಿಂತ ಕಡಿಮೆ ಇದ್ದರೆ ಆ ಪ್ಲೇಟಿನ ಹಣ ಕೇಳುವುದಿಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಕೈಯಲ್ಲಿ ಹಿಡಿಯುವ ಕ್ಲಚ್ ಲಿವರ್ ತುದಿಯಲ್ಲಿ ಫ್ರೀ ಪ್ಲೇ (ಕೇಬಲ್ ಬಿಗಿಯಾಗುವ ಮೊದಲು ಸಡಿಲವಾಗಿ ಆಡುವ ಜಾಗ) ಬಿಟ್ಟೇ ಇಲ್ಲ. ಎಷ್ಟೋ ಗಾಡಿಗಳ ಮ್ಯಾನ್ಯುಯಲ್‌ನಲ್ಲಿ 10ರಿಂದ 20 ಮಿಲಿಮೀಟರ್ ಅಂತ ಇರುತ್ತದೆ, ನನ್ನದರಲ್ಲೂ ಹಾಗೇ ಇದೆ. ಹೀಗೇ ಬಿಗಿಯಾಗಿ ಓಡಿಸಿದರೆ ಹೊಸ ಪ್ಲೇಟುಗಳೂ ಜಾರಿ ಸುಟ್ಟುಹೋಗುತ್ತವೆ, ಅದನ್ನೂ ಸರಿ ಮಾಡಿ.

ಈ ಸಲ ಜಾಬ್ ಕಾರ್ಡ್ ನನ್ನ ಎದುರಿಗೇ, ನಾನು ಹೇಳಿದ ಮಾತಿನಲ್ಲೇ ಬರೆಯಬೇಕು. ಕೆಲಸ ಮುಗಿದ ಮೇಲೆ ನಿಮ್ಮವರೊಬ್ಬರು ನನ್ನನ್ನು ಹಿಂದೆ ಕೂರಿಸಿಕೊಂಡು ಟೆಸ್ಟ್ ರೈಡ್ ಮಾಡಲಿ, ಎಲ್ಲ ಗೇರ್ ಏರಿಸಿ ಇಳಿಸಿ ತೋರಿಸಲಿ, ಆಮೇಲೆ ಸಹಿ ಹಾಕುತ್ತೇನೆ.

ಜಾಬ್ ಕಾರ್ಡ್, ಬಿಲ್, ಕವರಿನ ಮೇಲಿನ ಗೆರೆ ಮತ್ತು ಆಯಿಲ್ ಒಸರುತ್ತಿರುವ ಜಾಗದ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ. ಇದೇ ಪತ್ರದ ಪ್ರತಿಯನ್ನು ಗಾಡಿ ತಯಾರಿಸುವ ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿದ್ದೇನೆ. ಗಾಡಿ ಓಡಿಸಿಕೊಂಡು ಬರುವ ಸ್ಥಿತಿಯಲ್ಲಿ ಇಲ್ಲ, ನೀವೇ ಬಂದು ತಗೊಂಡು ಹೋಗಬೇಕು. ಯಾವ ದಿನ ಬರುತ್ತೀರಿ ಅಂತ ಬರವಣಿಗೆಯಲ್ಲೇ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ