ಪಪ್‌ಕಿನ್‌ನನ್ನು ಅರ್ಧಕ್ಕೇ ಬಿಟ್ಟ ಗೆಳೆಯನಿಗೆ

ಗೆಳೆಯಾ,

'ದಿ ಕಿಂಗ್ ಆಫ್ ಕಾಮಿಡಿ' ಸಿನಿಮಾ ಅರ್ಧಕ್ಕೇ ಆಫ್ ಮಾಡಿದೆ ಅಂತ ಬರೆದಿದ್ದೀಯ. ಕಾಮಿಡಿ ಅಂತ ಹೇಳಿ ಮೋಸ ಮಾಡಿದೆ, ಒಂದು ಸಲವೂ ನಗು ಬರಲಿಲ್ಲ, ಬರೀ ಮುಜುಗರ ಅನ್ನುವುದು ನಿನ್ನ ದೂರು. ಇರಲಿ ಬಿಡು. 1983ರಲ್ಲಿ ಅಮೆರಿಕದವರೇ ಈ ಚಿತ್ರದತ್ತ ತಲೆ ಹಾಕಲಿಲ್ಲ. ಸುಮಾರು 1.9 ಕೋಟಿ ಡಾಲರ್ ಸುರಿದು ಮಾಡಿದ್ದು, ಅಲ್ಲಿ ಗಳಿಸಿದ್ದು 25 ಲಕ್ಷದಷ್ಟು. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ, ನಟ ರಾಬರ್ಟ್ ಡಿ ನೀರೋ ಜೋಡಿಯ ಹೆಸರೂ ಕೈಹಿಡಿಯಲಿಲ್ಲ.

ಆದರೆ ನೀನು ನಿಲ್ಲಿಸಿದ ಜಾಗ ನೋಡಿ ನನಗೆ ಹೊಟ್ಟೆ ಉರಿಯಿತು. ಹಾಸ್ಯಗಾರನಾಗಲು ಹವಣಿಸುವ ರೂಪರ್ಟ್ ಪಪ್‌ಕಿನ್ (ಡಿ ನೀರೋ), ಟೀವಿಯಲ್ಲಿ ಹರಟೆ ಶೋ ನಡೆಸುವ ಜೆರ್ರಿ ಲ್ಯಾಂಗ್‌ಫರ್ಡ್‌ನ ಆಫೀಸಿನಲ್ಲಿ ಕಾಯುತ್ತ ಕೂರುವುದು ನನಗಂತೂ ಬಹಳ ಇಷ್ಟ. ಮೊದಮೊದಲು ಯಾರೂ ಅವನನ್ನು ಬೈಯುವುದಿಲ್ಲ. ನಗುನಗುತ್ತಲೇ ಮಾತಾಡುತ್ತಾರೆ, ಹೆಸರು ಮಾತ್ರ ತಪ್ಪು ಹೇಳುತ್ತಾರೆ. ಅವನ ಜೋಕುಗಳ ಕ್ಯಾಸೆಟ್ ಕೇಳಿದ ಜೆರ್ರಿಯ ಸಹಾಯಕಿ, ಇನ್ನೂ ಪಳಗಬೇಕು ಅನ್ನುತ್ತಾಳೆ, ಅದೂ ಎಷ್ಟು ನಯವಾಗಿ! ಇವನಿಗೆ ಆ ನಯವಷ್ಟೇ ಕೇಳಿಸುತ್ತದೆ. ಬಾಗಿಲು ಮುಚ್ಚಿದ್ದು ಗೊತ್ತಾಗುವುದೇ ಇಲ್ಲ.

ಮನೆಯ ನೆಲಮಾಳಿಗೆ ನೋಡಿದೆಯಲ್ಲ? ರಟ್ಟಿನಲ್ಲಿ ಕತ್ತರಿಸಿದ ಜೆರ್ರಿ, ರಟ್ಟಿನ ನಟಿ ಲೈಜಾ ಮಿನೆಲಿ, ನಡುವೆ ಕೂತು ಇವನ ಹರಟೆ. ಮೇಲಿಂದ ಅಮ್ಮ ಕೂಗುತ್ತಾಳೆ, ಸದ್ದು ಕಡಿಮೆ ಮಾಡು ಅಂತ. ಅವಳ ಮುಖ ನಮಗೆ ಕಾಣುವುದೇ ಇಲ್ಲ. ಆ ದನಿ ಸ್ಕಾರ್ಸೆಸಿಯ ಸ್ವಂತ ತಾಯಿಯದು. ಈ ಅಮ್ಮನನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಜೆರ್ರಿಯನ್ನೂ ಬೇಗ ದ್ವೇಷಿಸಬೇಡ. ರಸ್ತೆಯಲ್ಲಿ ಒಬ್ಬ ಹೆಂಗಸು ಅವನನ್ನು ಬಾಯ್ತುಂಬ ಹೊಗಳಿ ಆಟೋಗ್ರಾಫ್ ತಗೊಳ್ಳುತ್ತಾಳೆ. ಆಮೇಲೆ ಫೋನಿನಲ್ಲಿರುವ ಸಂಬಂಧಿಕನ ಜೊತೆ ಎರಡು ಮಾತಾಡಿ ಅನ್ನುತ್ತಾಳೆ. ಇವನು ಹೊತ್ತಾಯಿತು ಅಂದದ್ದೇ ತಡ, ನಿನಗೆ ಕ್ಯಾನ್ಸರ್ ಬರಲಿ ಅಂತ ಶಾಪ! ಆ ಪಾತ್ರ ಮಾಡಿದ ಹಾಸ್ಯನಟ ಜೆರ್ರಿ ಲೂಯಿಸ್‌ಗೆ ನಿಜವಾಗಿಯೂ ಇಂಥದ್ದೊಂದು ಆಗಿತ್ತಂತೆ.

ಇನ್ನು ನೀನು ನೋಡದ ಭಾಗ. ಹೇಳಿಬಿಡುತ್ತೇನೆ, ಬೈಕೋಬೇಡ. ಪಪ್‌ಕಿನ್ ಆಟಿಕೆ ಪಿಸ್ತೂಲು ಹಿಡಿದು ಜೆರ್ರಿಯನ್ನು ಅಪಹರಿಸುತ್ತಾನೆ. ಜೊತೆಗೆ ಮಾಶಾ ಅಂತ ಒಬ್ಬಳು ಹುಚ್ಚು ಅಭಿಮಾನಿ. ಅವಳ ಬಗ್ಗೆ ಬರೆಯಲು ಇನ್ನೊಂದು ಪತ್ರವೇ ಬೇಕು. ಒತ್ತೆಹಣ ಅಂತ ಇವನು ಕೇಳುವುದು ದುಡ್ಡಲ್ಲ, ಆ ರಾತ್ರಿಯ ಶೋನಲ್ಲಿ ಮೊದಲ ಅವಕಾಶ.

ಅಷ್ಟು ಹೊತ್ತು ಸಿನಿಮಾ ಇವನ ಜೋಕುಗಳನ್ನು ನಮ್ಮಿಂದ ಮುಚ್ಚಿಟ್ಟಿರುತ್ತದೆ. ಕೊನೆಗೆ ಬಂದಾಗ ಅವು ತೀರಾ ಕೆಟ್ಟದಾಗೇನೂ ಇರುವುದಿಲ್ಲ ಕಣೋ. ಜನ ನಗುತ್ತಾರೆ! ನನ್ನನ್ನು ಅಲ್ಲಾಡಿಸಿದ್ದು ಅದೇ. ತಂದೆತಾಯಿಯ ಕುಡಿತ, ಶಾಲೆಯಲ್ಲಿ ತಿಂದ ಏಟು, ಎಲ್ಲವೂ ಅವನದೇ ಸಂಕಟ, ಎಲ್ಲದಕ್ಕೂ ಚಪ್ಪಾಳೆ. ಅಮ್ಮ ಸತ್ತು ಒಂಬತ್ತು ವರ್ಷವಾಯಿತು ಅನ್ನುತ್ತಾನೆ. ಹಾಗಾದರೆ ಮೇಲಿಂದ ಕೂಗುತ್ತಿದ್ದದ್ದು ಯಾರು? ಸಿನಿಮಾ ಬಾಯಿ ಬಿಡುವುದಿಲ್ಲ. ಕೊನೆಗೆ, ಜೆರ್ರಿಯನ್ನು ಕಟ್ಟಿಹಾಕಿ ಇಲ್ಲಿಗೆ ಬಂದೆ ಅಂತ ನಿಜವನ್ನೇ ಹೇಳುತ್ತಾನೆ. ಅದಕ್ಕೂ ನಗು. ಅಪರಾಧಿ ಮೈಕಿನ ಮುಂದೆ ತಪ್ಪೊಪ್ಪಿಕೊಂಡರೂ ಜೋಕು ಅಂದುಕೊಳ್ಳುವ ಆ ಜನರ ಮುಂದೆ ಪಪ್‌ಕಿನ್ನೇ ಸ್ವಲ್ಪ ತಲೆ ಸರಿ ಇದ್ದವನ ಥರ ಕಾಣುತ್ತಾನೆ.

ಆರು ವರ್ಷ ಶಿಕ್ಷೆ ಬೀಳುತ್ತದೆ, ಅರ್ಧದಷ್ಟೂ ಮುಗಿಸದೆ ಹೊರಗೆ ಬರುತ್ತಾನೆ. ಆತ್ಮಕಥೆಗೆ ಹತ್ತು ಲಕ್ಷ ಡಾಲರಿಗೂ ಜಾಸ್ತಿ, ಪತ್ರಿಕೆಗಳ ಮುಖಪುಟ, ಸ್ವಂತ ಶೋ. ನಿರೂಪಕ ಅವನ ಹೆಸರು ಕೂಗುತ್ತಲೇ ಇರುತ್ತಾನೆ, ಇವನು ಸುಮ್ನೆ ನಗುತ್ತ ನಿಂತಿರುತ್ತಾನೆ.

ಇದೂ ಅವನ ಕನಸು ಅನ್ನುವವರಿದ್ದಾರೆ. ಕನಸು ಯಾವುದು, ನಿಜ ಯಾವುದು ಅಂತ ಈ ಚಿತ್ರ ಗೆರೆ ಎಳೆಯುವುದಿಲ್ಲ, ಹಾಗಾಗಿ ಅವರ ಮಾತಿಗೂ ತೂಕವಿದೆ. ಆದರೂ ನಾನು ಒಪ್ಪಲ್ಲ. ಚಿತ್ರದಲ್ಲಿ ಹಿಂದೆ ಬರುವ ಅವನ ಹಗಲುಗನಸುಗಳಲ್ಲೆಲ್ಲ ಜೆರ್ರಿ ಇದ್ದಾನೆ, ಇವನನ್ನು ಹೊಗಳುತ್ತಾನೆ, ಬೇಡಿಕೊಳ್ಳುತ್ತಾನೆ. ಇಲ್ಲಿ ಜೆರ್ರಿ ಕಾಣಿಸುವುದೇ ಇಲ್ಲ. ಜೆರ್ರಿಯ ಬೆನ್ನುತಟ್ಟುವಿಕೆ ಇಲ್ಲದ ಕನಸು ಪಪ್‌ಕಿನ್‌ಗೆ ಯಾಕೆ ಬೀಳುತ್ತೆ, ಹೇಳು? ಉಳಿದರ್ಧ ನೋಡು, ಆಮೇಲೆ ಜಗಳಕ್ಕೆ ಬಾ.

ನಿನ್ನ
ಗೆಳೆಯ